ವಿಜಯನಗರದ ಹಬ್ಬಗಳು

ಹಂಪೆಯನ್ನು ನೋಡಿ ಬಂದವರಿಗೆಲ್ಲ ಮಹಾನವಮಿ ದಿಬ್ಬದ ನೆನಪು ಇದ್ದೇ ಇರುವುದಷ್ಟೆ. ಅರಮನೆಯ ಪ್ರಾಕಾರದೊಳಗೆ, ಹಾಳುಬಿದ್ದ ಅಡಿಪಾಯಗಳ ನಡುವೆ, ಮೂರು ಅಂತಸ್ತುಗಳಾಗಿ ಸುಮಾರು 26 ಅಡಿ ಎತ್ತರಕ್ಕೆ ಎದ್ದು ನಿಂತಿರುವ ಕಲ್ಲಿನ ಜಗಲಿ ಅದು. ಅದರ ಮೈಮೇಲೆಲ್ಲ ಆನೆಗಳು, ಕುದುರೆಗಳು, ಒಂಟೆಗಳು, ಬೇಟೆಗಾರರು, ನರ್ತಕಿಯರು, ಕುದುರೆ ಮಾರಲು ಬಂದ ಪರದೇಶದ ವರ್ತಕರು ಸಾಲುಗೊಂಡು ನಡೆಯುತ್ತಿದ್ದಾರೆ. ಆದರೆ ಮೆಟ್ಟಿಲು ಹತ್ತಿ ಮೇಲಕ್ಕೆ ಹೋದರೆ ಅಲ್ಲಿ ಏನೂ ಇಲ್ಲ. ಬಿಸಿಲು, ಗಾಳಿ, ಕಂಬಗಳನ್ನು ನಿಲ್ಲಿಸುವುದಕ್ಕೆಂದು ಕಲ್ಲಿನಲ್ಲಿ ಕೊರೆದ ಕುಳಿಗಳು, ಇಷ್ಟೆ. ಕುಳಿಯೊಳಗೆ ನಿಂತಿದ್ದುದು ಮರ, ಮರ ಸುಟ್ಟುಹೋಯಿತು. ನಾನು ಮೊದಲ ಬಾರಿ ಅಲ್ಲಿ ನಿಂತಾಗ ನನ್ನ ಜೊತೆಯಲ್ಲಿದ್ದ ವೃದ್ಧರೊಬ್ಬರು, “ಕಲ್ಲು ಉಳಿಯಿತು, ಹಬ್ಬ ಹೋಯಿತು” ಎಂದು ನಿಟ್ಟುಸಿರಿಟ್ಟರು. ಅಂದು ನಾನೂ ತಲೆದೂಗಿದೆನು. ಆಮೇಲೆ ವಿಚಾರಮಾಡಿದಷ್ಟೂ ಆ ಮಾತು ಅರ್ಧ ಮಾತ್ರ ನಿಜವೆಂದು ನನಗೆ ತೋರತೊಡಗಿತು. ವಿಜಯನಗರದ ಹಬ್ಬಗಳಲ್ಲಿ ಕೆಲವು ಊರನ್ನು ಬಿಟ್ಟು ನಡೆದುಹೋದವು. ಕೆಲವು ಊರೇ ಹೋದರೂ ಅಲ್ಲಿಯೇ ನಿಂತವು. ಯಾವುದು ಹೋಯಿತು, ಯಾವುದು ನಿಂತಿತು ಎಂಬುದನ್ನು ಈ ದಿನ ಶ್ರೋತೃಗಳ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದಿದ್ದೇನೆ.

ಮೊದಲು ನಮ್ಮ ಆಧಾರಗಳ ವಿಷಯವಾಗಿ ಒಂದು ಮಾತು. ನಮ್ಮ ರಾಜಧಾನಿಯ ಹಬ್ಬವನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟವರಲ್ಲಿ ಹೆಚ್ಚಿನವರು ಹೊರಗಿನವರು. ಸುಮಾರು 1420ರಲ್ಲಿ ಬಂದ ನಿಕೊಲೊ ಕೊಂಟಿ ವೆನಿಸಿನ ವರ್ತಕ. ಅವನು ಪ್ರವಾಸದಲ್ಲಿ ಪ್ರಾಣಭಯದಿಂದ ಸ್ವಧರ್ಮವನ್ನು ತ್ಯಜಿಸಿದ್ದನಾಗಿ, ಹಿಂದಿರುಗಿದ ಮೇಲೆ ಪೋಪನು ಅವನಿಗೆ ವಿಧಿಸಿದ ಪ್ರಾಯಶ್ಚಿತ್ತವೆಂದರೆ, ಕಂಡದ್ದನ್ನೆಲ್ಲ ತನ್ನ ಕಾರ್ಯದರ್ಶಿಯಾದ ಪೊಗ್ಗಿಯೊ ಎಂಬ ವಿದ್ವಾಂಸನಿಗೆ ಒಂದನ್ನೂ ಬಿಡದೆ ಹೇಳತಕ್ಕದ್ದು. ಹೀಗೆ ನಮ್ಮ ಹೋಳಿಯ ಓಕುಳಿ ಲ್ಯಾಟಿನ್ ಭಾಷೆಯನ್ನು ಸೇರಿತು. 1443ರಲ್ಲಿ ಬಂದ ಅಬ್ದುರ್ ರಜಾಕನು ಹೆರಾತಿನ ಷಾರುಖ್ ಸುಲ್ತಾನನ ರಾಯಭಾರಿ. ಅವನು ಬರೆದದ್ದು ಪಾರಸಿಯಲ್ಲಿ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪೇಸ್, ಅಚ್ಯುತರಾಯನ ಕಾಲದಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ಇವರಿಬ್ಬರೂ ಪೋರ್ಚುಗೀಸರು. ಇವರ ಬರೆಹಗಳ ಹಸ್ತಪ್ರತಿ ಪ್ಯಾರಿಸ್ ನಗರದ ಗ್ರಂಥಭಂಡಾರದಲ್ಲಿ ಬಹುಕಾಲ ಮರೆಯಾಗಿದ್ದು, 1897ರಲ್ಲಿ ಡೇವಿಡ್ ಲೊಪೆಸರಿಂದ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸ್ಯೂಯಲ್ ಅವುಗಳನ್ನು ಇಂಗ್ಲಿಷಿಗೆ ತಂದ ಮೇಲೆಯೇ ನಮ್ಮ ವಿದ್ವಾಂಸರು ಸಂಪೂರ್ಣವಾಗಿ ನೋಡಲು ಸಾಧ್ಯವಾದದ್ದು. ಬಹುಕಾಲ ನಮ್ಮ ಮಹಾನವಮಿಯ ಅತ್ಯುತ್ತಮ ವರ್ಣನೆ ಸೇನ್ ನದಿಯ ದಡದಲ್ಲಿ ನಿದ್ರಿಸುತ್ತಿತ್ತೆಂದರೆ ನಗುವುದೋ ಅಳುವುದೋ ತಿಳಿಯದು.

ಕೊಂಟಿಯ ವರ್ಣನೆ ಚಿಕ್ಕದು. ಆದರೆ ಅದರಲ್ಲಿ ಕಾಣುವುದು ಅರಮನೆಯಲ್ಲ, ಬೀದಿ. ವರ್ಷದ ಒಂದು ಕಾಲದಲ್ಲಿ ಗಂಡಸರೂ ಹೆಂಗಸರೂ ಹೊಳೆಯಲ್ಲಿ ಮಿಂದು, ಹೊಸ ಬಟ್ಟೆ ಉಟ್ಟು, ಮೂರು ದಿನ ಹಾಡು, ಕುಣಿತ, ಊಟಗಳಲ್ಲಿ ಕಳೆಯುತ್ತಾರೆಂದು ಅವನು ಹೇಳುತ್ತಾನೆ. ಇನ್ನೊಂದು ಹಬ್ಬದಲ್ಲಿ ಗುಡಿಗಳ ಒಳಗೂ ಮಾಳಿಗೆಗಳ ಮೇಲೂ ಎಳ್ಳೆಣ್ಣೆಯ ದೀಪಗಳನ್ನು ಲೆಕ್ಕವಿಲ್ಲದಷ್ಟು ಹಚ್ಚಿ ಹಗಲಿರುಳು ಉರಿಸುತ್ತಾರೆ. ಇದು ನಮ್ಮ ದೀಪಾವಳಿಯೆಂಬುದಕ್ಕೆ ಸಾಕ್ಷಿ ಬೇಕಿಲ್ಲ. ಒಂಬತ್ತು ದಿನ ನಡೆಯುವ ಮತ್ತೊಂದು ಹಬ್ಬದಲ್ಲಿ ಹೆದ್ದಾರಿಗಳಲ್ಲೆಲ್ಲ ಹಡಗಿನ ಪಟಸ್ತಂಭದಂಥ ಉದ್ದನೆಯ ಮರಗಳನ್ನು ನೆಟ್ಟು, ಅವಕ್ಕೆ ಜರತಾರಿಯ ಬಟ್ಟೆಗಳನ್ನು ಕಟ್ಟುತ್ತಾರೆ. ಪ್ರತಿಯೊಂದು ಮರದ ತುದಿಯಲ್ಲಿಯೂ ಒಬ್ಬ ಭಕ್ತನನ್ನು ಕೂರಿಸುತ್ತಾರೆ. ಕೆಳಗಿನಿಂದ ಜನರು ಅವನ ಮೇಲೆ ಕಿತ್ತಳೆ, ನಿಂಬೆ ಮುಂತಾದ ಪರಿಮಳದ ಹಣ್ಣುಗಳನ್ನು ಎಸೆಯುತ್ತಾರೆ. ಅವನು ಸಮಾಧಾನದಿಂದ ಸಹಿಸಿಕೊಳ್ಳುತ್ತಾನೆ. ಒಂಬತ್ತು ದಿನಗಳ ಎಣಿಕೆಯಿಂದ ಇದನ್ನು ನವರಾತ್ರಿಯೆಂದು ಊಹಿಸಬಹುದು. ಇವೆಲ್ಲಕ್ಕಿಂತಲೂ ನನಗೆ ಪ್ರಿಯವಾದದ್ದು ಅವನು ಹೇಳುವ ಇನ್ನೊಂದು ಹಬ್ಬ. ಆ ಮೂರು ದಿನ ದಾರಿಯ ಬದಿಯಲ್ಲಿ ಕೇಸರಿಯ ನೀರನ್ನು ತುಂಬಿಟ್ಟು, ಹೋಗುವವರ ಬರುವವರ ಮೇಲೆಲ್ಲ ಚೆಲ್ಲುತ್ತಾರೆ. ಅರಸನೇ ಬಂದರೂ ಅರಸಿಯೇ ಬಂದರೂ ಬಿಡುವುದಿಲ್ಲ. ಎಲ್ಲರೂ ನಗುತ್ತ ಒದ್ದೆಯಾಗುತ್ತಾರೆ. ವಿಜಯನಗರದ ಅರಸನ ಮೈಮೇಲೆ ಬೀದಿಯ ಹುಡುಗ ನೀರೆರಚಿದನೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಬಾರದು. ಆದರೆ ಹಂಪೆಯ ಶಿಲ್ಪಿಗಳು ಓಕುಳಿಯಾಟವನ್ನು ಮರೆಯದೆ ಕಲ್ಲಿನಲ್ಲಿ ಕೆತ್ತಿದ್ದಾರೆ.

ವಸಂತಕಾಲದ ಈ ಹಬ್ಬಕ್ಕೂ ವಿರೂಪಾಕ್ಷನ ಗುಡಿಗೂ ಗಾಢವಾದ ಸಂಬಂಧವುಂಟು. ಪಂಪಾದೇವಿಗೂ ವಿರೂಪಾಕ್ಷನಿಗೂ ಮದುವೆಯಾಗುವುದು ಚೈತ್ರದಲ್ಲಿ. ಆ ಮದುವೆಯ ನಿಶ್ಚಿತಾರ್ಥದಂತಿರುವ ಫಲಪೂಜೆ ಚಳಿಗಾಲದಲ್ಲಿ. ಗುಡಿಯ ಮುಂದಣ ತೇರುಬೀದಿ ಸುಮಾರು ಅರ್ಧ ಮೈಲಿ ಉದ್ದ, ಎರಡು ಕಡೆಯೂ ಕಂಬಸಾಲಿನ ಮಂಟಪಗಳು. ವಿಠಲನ ಗುಡಿಗೂ, ಕೃಷ್ಣನ ಗುಡಿಗೂ, ಅಚ್ಯುತರಾಯನ ಕಾಲದ ತಿರುವೆಂಗಳನಾಥನ ಗುಡಿಗೂ ಇಂಥದೇ ಬೀದಿಗಳಿವೆ. ಇವು ತೇರು ಹರಿಯುವುದಕ್ಕೆ ಬೇಕಾದ ಅಗಲದಲ್ಲಿ ಆದ ಬೀದಿಗಳು. ಉಳಿದ ದಿನಗಳಲ್ಲಿ ಅವೇ ಪೇಟೆಗಳು. ಅಂಥ ಒಂದು ಬೀದಿಯಲ್ಲಿ ಪ್ರತಿ ಸಂಜೆ ಸಂತೆ ಸೇರಿ, ತಟ್ಟುಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಲೆ, ಸೌದೆ ಮಾರುತ್ತಿದ್ದರೆಂದು ಪೇಸ್ ಹೇಳುತ್ತಾನೆ. ಹೂವಿನ ಮಾತನ್ನು ರಜಾಕನಿಂದ ಕೇಳಬೇಕು. ಎಲ್ಲೆಲ್ಲಿಯೂ ಗುಲಾಬಿ ಮಾರುವವರನ್ನು ಕಂಡು, ಈ ಜನರಿಗೆ ಅನ್ನದಷ್ಟೇ ಹೂವೂ ಅವಶ್ಯವೆಂದು ಅವನು ಬೆರಗಾದನು. ತೇರಿನ ಹಬ್ಬಕ್ಕೂ ಪೇಟೆಗೂ ಒಂದೇ ಬೀದಿ ಇದ್ದುದರಿಂದ ಭಕ್ತಿ, ವ್ಯಾಪಾರ, ವಿನೋದ ಮೂರಕ್ಕೂ ಬೇರೆ ಬೇರೆ ಜಾಗ ಬೇಕಾಗಿರಲಿಲ್ಲ. ಕೃಷ್ಣದೇವರಾಯನು ಸಂಸ್ಕೃತದಲ್ಲಿ ರಚಿಸಿದ ‘ಜಾಂಬವತೀ ಕಲ್ಯಾಣ’ವೆಂಬ ನಾಟಕವು ವಿರೂಪಾಕ್ಷನ ವಸಂತೋತ್ಸವವನ್ನು ನೋಡಲು ನೆರೆದ ಜನರ ಮುಂದೆ ಆಡುವುದಕ್ಕಾಗಿ ಹೊರಟದ್ದೆಂದು ಅದರ ಪ್ರಸ್ತಾವನೆಯಿಂದ ತಿಳಿಯುತ್ತದೆ. ಇದೇ ಅರಸನು ತನ್ನ ಪಟ್ಟಾಭಿಷೇಕೋತ್ಸವದ ಸಮಯದಲ್ಲಿ, ಎಂದರೆ 1509–10ರಲ್ಲಿ, ಆ ಗುಡಿಯ ಮುಂದೆ ರಂಗಮಂಟಪವನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನವು ಹೇಳುತ್ತದೆ. ಅರಸನು ಕವಿಯಾಗಿ ತನ್ನ ಕೃತಿಯನ್ನು ದೇವರ ಜಾತ್ರೆಯಲ್ಲಿ ಪ್ರೇಕ್ಷಕರ ಮುಂದಿಡುವ ಆ ಸನ್ನಿವೇಶವನ್ನು ಊಹಿಸಿಕೊಂಡರೆ, ರಾಜಧಾನಿಯ ಸಂಸ್ಕೃತಿಯೆಂದರೆ ಏನೆಂಬುದು ಸ್ವಲ್ಪ ಮಟ್ಟಿಗೆ ಮನಸ್ಸಿಗೆ ಬರುತ್ತದೆ.

ಇನ್ನು ಮಹಾನವಮಿ. ಇದರ ಸ್ವರೂಪವೇ ಬೇರೆ.

ರಜಾಕನು 1443ರ ಏಪ್ರಿಲ್ ತಿಂಗಳ ಕೊನೆಯ ಹೊತ್ತಿಗೆ ರಾಜಧಾನಿಗೆ ಬಂದನು. ಅವನು ಬರುವ ಮುನ್ನ, ಕಲ್ಲೀಕೋಟೆಯಲ್ಲಿ ಇನ್ನೂ ಇದ್ದಾಗಲೇ, ಇಲ್ಲಿ ಒಂದು ಘೋರಕೃತ್ಯ ನಡೆದಿತ್ತು. ಇಮ್ಮಡಿ ದೇವರಾಯನ ಸೋದರನು ಹೊಸ ಮನೆಯೊಂದನ್ನು ಕಟ್ಟಿಸಿ, ಅದರ ಔತಣಕ್ಕೆಂದು ರಾಜ್ಯದ ಪ್ರಮುಖರನ್ನು ಕರೆದನಂತೆ. ನಗಾರಿಗಳನ್ನೂ ಕಹಳೆಗಳನ್ನೂ ಕಿವಿ ಕಿವುಡಾಗುವಂತೆ ಬಾರಿಸಲು ಹೇಳಿ, ಬಂದವರನ್ನು ಊಟಕ್ಕೆಂದು ಒಬ್ಬೊಬ್ಬರನ್ನಾಗಿ ಒಳಕ್ಕೆ ಕರೆಯಿಸಿಕೊಂಡು ಕಠಾರಿಗಳಿಂದ ತಿವಿಸಿಬಿಟ್ಟನು. ವಾದ್ಯಗಳ ಅಬ್ಬರದಲ್ಲಿ ಯಾರ ಕೂಗೂ ಹೊರಗೆ ಕೇಳಿಸಲಿಲ್ಲ. ಬಳಿಕ ಅರಮನೆಗೆ ಹೋಗಿ ಅರಸನನ್ನೇ ತಿವಿದನು. ದೇವರಾಯನು ಗಾಯಗೊಂಡರೂ ಸಾಯಲಿಲ್ಲ. ಅರಸನು ಸತ್ತನೆಂಬ ಸುದ್ದಿ ಹಬ್ಬಿ ಊರೆಲ್ಲ ಗೊಂದಲವಾದಾಗ, ಅವನು ಅರಮನೆಯ ಮೊಗಸಾಲೆಗೆ ಬಂದು ನಿಂತು, ತಾನು ಬದುಕಿರುವೆನೆಂದು ಜನರಿಗೆ ತೋರಿಸಿಕೊಳ್ಳಬೇಕಾಯಿತು.

ಶ್ರೋತೃಗಳು ಈ ಪ್ರಸಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ವರ್ಷದ ಮಹಾನವಮಿಯನ್ನು ನೋಡಬೇಕು. ಮೂರು ನಾಲ್ಕು ತಿಂಗಳ ಪ್ರಯಾಣದಷ್ಟು ದೂರದಲ್ಲಿದ್ದ ನಾಯಕರೂ ಸಾಮಂತರೂ ರಾಜಧಾನಿಗೆ ಬರಬೇಕೆಂದು ಅಪ್ಪಣೆಯಾಯಿತು. ಬಂದವರ ಜೊತೆಯಲ್ಲಿ ಕವಚ ತೊಡಿಸಿ ಅಂಬಾರಿ ಕಟ್ಟಿದ ಒಂದು ಸಾವಿರ ಆನೆಗಳು. ಬಯಲಿನಲ್ಲಿ ಎರಡರಿಂದ ಐದು ಅಂತಸ್ತಿನವರೆಗೆ ಮಂಟಪಗಳು ಎದ್ದವು. ಅವುಗಳ ಮೇಲೆ ಮನುಷ್ಯರಿಂದ ಹಿಡಿದು ಮೃಗಪಕ್ಷಿಗಳವರೆಗೆ, ನೊಣ ಸೊಳ್ಳೆಗಳನ್ನು ಕೂಡ ಬಿಡದೆ, ಚಿತ್ರಗಳನ್ನು ಬರೆದಿದ್ದರು. ಕೆಲವು ಮಂಟಪಗಳು ನಿಂತಲ್ಲಿಯೇ ತಿರುಗುತ್ತ ಗಳಿಗೆಗೊಂದು ಹೊಸ ಮುಖವನ್ನು ತೋರಿಸುತ್ತಿದ್ದವು. ಎದುರಿಗೆ ಒಂಬತ್ತು ಮಂಟಪಗಳ ಸಾಲು, ಒಂಬತ್ತನೆಯದರಲ್ಲಿ ಅರಸನ ಸಿಂಹಾಸನ. ರಾಯಭಾರಿಗೆ ಏಳನೆಯದರಲ್ಲಿ ಜಾಗ. ಮೂರು ದಿನಗಳ ಕಾಲ ಹಾಡುವವರು, ಕುಣಿಯುವವರು, ಗಾರುಡಿಗರು, ಬಾಣಬಿರುಸುಗಳು. ಆನೆಯ ಆಟವನ್ನು ಅವನು ವಿಶೇಷವಾಗಿ ವರ್ಣಿಸಿದ್ದಾನೆ. ಎತ್ತರದ ಕಂಬಕ್ಕೆ ತಕ್ಕಡಿಯಂತೆ ತೊಲೆಯೊಂದನ್ನು ಅಡ್ಡವಾಗಿ ಸೇರಿಸಿ, ಒಂದು ತುದಿಗೆ ಆನೆಯ ತೂಕದ ಕಲ್ಲನ್ನೂ ಇನ್ನೊಂದು ತುದಿಗೆ ಹಲಗೆಯನ್ನೂ ಕಟ್ಟಿದ್ದರು. ಹಲಗೆಯ ಮೇಲೆ ನಿಂತ ಆನೆ ಮೇಲಕ್ಕೂ ಕೆಳಕ್ಕೂ ತೂಗುತ್ತ, ಹಾಡಿಗೆ ಸರಿಯಾಗಿ ಸೊಂಡಿಲಿನಿಂದ ತಾಳ ಹಾಕುತ್ತಿತ್ತು. ಅಂದು ಬಾರಿಸಿದ್ದೂ ನಗಾರಿಗಳೇ, ಊದಿದ್ದೂ ಕಹಳೆಗಳೇ. ಕೆಲವು ತಿಂಗಳ ಹಿಂದೆ ಅದೇ ಊರಿನಲ್ಲಿ ಅದೇ ವಾದ್ಯಗಳು ಏನನ್ನು ಮುಚ್ಚಿದ್ದುವೆಂಬುದನ್ನು ನೆರೆದವರಲ್ಲಿ ಅರಿಯದವರು ಯಾರು? ಅರಸನು ಸಿಂಹಾಸನದ ಮೇಲೆ ಕುಳಿತು ಎಲ್ಲರ ಕಣ್ಣಿಗೂ ಬಿದ್ದನು. ದೂರದೂರದ ನಾಯಕರು ಒಬ್ಬೊಬ್ಬರಾಗಿ ಬಂದು ತಲೆಬಾಗಿದರು. ಆನೆ ತೂಗಾಡಿದ್ದು ವಿನೋದ. ಅರಸನು ಬದುಕಿದ್ದಾನೆ, ನಾಯಕರು ಅವನ ಕಡೆಗಿದ್ದಾರೆ ಎಂಬುದು ಆ ವರ್ಷದ ಸುದ್ದಿ. ಬರದೇ ಹೋದ ನಾಯಕನು ಯಾರೆಂಬುದೂ ಅಂದೇ ಗೊತ್ತಾಗುತ್ತಿದ್ದಿರಬೇಕು.

ಪೇಸನು ಕಂಡ ಮಹಾನವಮಿ ಇದಕ್ಕೆ ಸುಮಾರು ಎಂಬತ್ತು ವರ್ಷಗಳ ಈಚಿನದು. ಹಬ್ಬ ಸೆಪ್ಟೆಂಬರ್ 12ಕ್ಕೆ ತೊಡಗಿತೆಂದೂ, ಹೊಸ ವರ್ಷ ಅಕ್ಟೋಬರ್ 12ಕ್ಕೆ ಬಂದಿತೆಂದೂ ಅವನು ಹೇಳಿರುವುದನ್ನು ಹಿಡಿದು, ಸ್ಯೂಯಲ್ ಪಂಚಾಂಗದ ಲೆಕ್ಕದಿಂದ ಅದು 1520ನೆಯ ವರ್ಷವೆಂದು ಗೊತ್ತುಮಾಡಿದರು. ಕಳಿಂಗದ ಯುದ್ಧದಲ್ಲಿ ಗೆದ್ದು ಬಂದ ಕೃಷ್ಣದೇವರಾಯನು ಕಟ್ಟಿಸಿದ ವಿಜಯದ ಮನೆಯಲ್ಲಿ ಹಬ್ಬ. ಇಲ್ಲಿ ಪೇಸನು ಹೇಳುವ ಒಂದು ವಿವರವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಚಿನ್ನದ ಸಿಂಹಗಳಿರುವ ಸಿಂಹಾಸನ ಅಲ್ಲಿತ್ತು. ಆದರೆ ಅದರ ಮೇಲೆ ಕುಳಿತದ್ದು ಅರಸನಲ್ಲ, ಹೂವುಗಳಲ್ಲಿ ಮುಚ್ಚಿಹೋಗಿದ್ದ ಚಿನ್ನದ ದೇವತಾಮೂರ್ತಿ. ಅರಸನಿಗೆ ಅದರ ಮುಂದೆ, ಜಗಲಿಯ ಅಂಚಿನಲ್ಲಿ ಹಾಸಿದ ದಿಂಬುಗಳೇ ಆಸನ. ರಾಜ್ಯವು ದೇವರದು, ಅರಸನು ಅದನ್ನು ನೋಡಿಕೊಳ್ಳುವವನು ಎಂಬ ಮಾತನ್ನು ನಮ್ಮ ಶಾಸನಗಳು ಎಷ್ಟೋ ಸಲ ಹೇಳುತ್ತವೆ. ಈ ಕೂರುವ ಕ್ರಮದಲ್ಲಿ ಆ ಮಾತು ಕಣ್ಣಿಗೆ ಕಂಡಿತು.

ಸಂಜೆಯಾದೊಡನೆ ಅಂಗಳದಲ್ಲಿ ದೀವಟಿಗೆಗಳು ಹತ್ತಿ ರಾತ್ರಿಯೇ ಹಗಲಾಗುತ್ತಿತ್ತು. ಅಲಂಕರಿಸಿದ ಕುದುರೆಗಳನ್ನು ಸಾಲಾಗಿ ನಿಲ್ಲಿಸಿದ ಮೇಲೆ, ಒಳಗಿನಿಂದ ಬೆಳ್ಳಿಯ ಕಟ್ಟಿನ ಬೆತ್ತ ಹಿಡಿದ ದ್ವಾರಪಾಲಿಕೆಯರು, ವಾದ್ಯ ನುಡಿಸುವ ಹೆಂಗಸರು, ಅವರ ಹಿಂದೆ ಅರವತ್ತು ಮಂದಿಯವರೆಗೆ ತರುಣಿಯರು ಹೊರಟು ಬರುತ್ತಿದ್ದರು. ತರುಣಿಯರ ಕೈಯಲ್ಲಿ ದೀಪವುರಿಯುವ ಚಿನ್ನದ ಪಾತ್ರೆಗಳು. ಅವರು ಕುದುರೆಗಳನ್ನು ಮೂರು ಸುತ್ತು ಬಂದು ಒಳಕ್ಕೆ ಹೋಗುವರು. ಅವರು ತೊಟ್ಟಿದ್ದ ಒಡವೆಯ ಭಾರ ಎಷ್ಟಿತ್ತೆಂದರೆ, ಪಕ್ಕದಲ್ಲಿ ನಡೆಯುವ ಹೆಂಗಸರು ಅವರ ತೋಳುಗಳನ್ನು ಆತುಕೊಂಡು ಸಾಗಿಸಬೇಕಾಗಿತ್ತು. ಈ ವರ್ಣನೆಯನ್ನು ಓದಿದ ಮಹಿಳೆಯೊಬ್ಬರು, “ಆ ತೋಳು ಹಿಡಿದವರ ಮೈಮೇಲೆ ಏನಿತ್ತೆಂದು ನಿಮ್ಮ ಪೇಸ್ ಬರೆಯಲಿಲ್ಲವೆ?” ಎಂದು ನನ್ನನ್ನು ಕೇಳಿದರು. ಬರೆದಿಲ್ಲವೆಂದೇ ನಾನು ಉತ್ತರ ಹೇಳಬೇಕಾಯಿತು.

ಜಟ್ಟಿಗಳ ಕಾಳಗವೂ ಉಂಟು. ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ, ಮುಖ ವಿಕಾರವಾಗುವಂತೆ ಅವರು ಗುದ್ದುತ್ತಿದ್ದರು; ಗೆದ್ದವರಿಗೆ ಪಟ್ಟೆಯ ಉಡುಗೊರೆ. ಬಲಿಯ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ದಿನ 24 ಕೋಣಗಳು, 150 ಕುರಿಗಳು. ಕೊನೆಯ ದಿನ 250 ಕೋಣಗಳು, 4500 ಕುರಿಗಳು ಎಂದು ಪೇಸ್ ಲೆಕ್ಕ ಕೊಟ್ಟಿದ್ದಾನೆ. ಇಂದಿನ ಮನಸ್ಸು ಇದನ್ನು ಸಹಿಸದು. ಆದರೆ ದೀಪವನ್ನು ಮಾತ್ರ ಹೇಳಿ ರಕ್ತವನ್ನು ಬಿಡುವುದು ಇತಿಹಾಸವಾಗುವುದಿಲ್ಲ. ಹಬ್ಬ ಮುಗಿದ ಮೇಲೆ ಊರಿನಿಂದ ಒಂದು ಹರದಾರಿಯಾಚೆ ಸೈನ್ಯವೆಲ್ಲ ಡೇರೆ ಹೂಡುವುದು. ದೇವತಾಮೂರ್ತಿಗೆ ಅಲ್ಲಿಯೂ ಒಂದು ಡೇರೆ. ಅರಸನು ಕುದುರೆಯೇರಿ ಸಾಲುಗಳ ನಡುವೆ ಹೋಗುವಾಗ ಸೈನಿಕರು ಗುರಾಣಿ ಬಡಿದು ಕೂಗುವ ಕೂಗಿಗೆ ಬೆಟ್ಟಗಳೇ ಮಗುಚಿಬಿದ್ದಂತಾಗುತ್ತಿತ್ತು. ಲೆಕ್ಕಪತ್ರಗಳಲ್ಲಿ ಬಹು ಜಾಗರೂಕನಾದ ಪೇಸನು ಕೂಡ ಇಲ್ಲಿ ತಾನು ಎಚ್ಚರದಲ್ಲಿರುವೆನೋ ಕನಸು ಕಾಣುತ್ತಿರುವೆನೋ ಎಂದು ಸಂದೇಹಪಟ್ಟಿದ್ದಾನೆ.

ಕನಸಿನಿಂದ ಎಬ್ಬಿಸುವವನು ನೂನಿಜ್. ಅವನು ಕುದುರೆ ಮಾರುವವನು. ಹಣದ ಮಾತನ್ನು ಬಿಡುವವನಲ್ಲ. ಈ ಒಂಬತ್ತು ದಿನಗಳೊಳಗಾಗಿಯೇ ಅರಸನಿಗೆ ರಾಜ್ಯದ ಕಂದಾಯವೆಲ್ಲ ಸಂದಾಯವಾಗುವುದೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ನೆಲವೆಲ್ಲ ಅರಸನದು, ಅವನಿಂದ ಅದನ್ನು ಪಡೆದ ಅಮರನಾಯಕರು ಇನ್ನೂರಕ್ಕೆ ಮಿಕ್ಕಿದ್ದರು. ಅವರ ಆದಾಯ ಒಟ್ಟು 120 ಲಕ್ಷ ವರಹಗಳು. ಅದರಲ್ಲಿ 60 ಲಕ್ಷವನ್ನು ಅರಸನಿಗೆ ಒಪ್ಪಿಸಿ, ಉಳಿದುದರಲ್ಲಿ ಗೊತ್ತುಮಾಡಿದಷ್ಟು ಕಾಲಾಳು, ಕುದುರೆ, ಆನೆಗಳನ್ನು ಸಾಕಬೇಕು. ಈ ಹಬ್ಬ ಏಕೆ ಆಚರಿಸುತ್ತಾರೆಂದು ಅವನು ವಿಚಾರಿಸಿದಾಗ ಬಂದ ಉತ್ತರಗಳು ಸ್ವಾರಸ್ಯವಾಗಿವೆ. ಮೇರಿಮಾತೆಯು ಮಗನನ್ನು ಗರ್ಭದಲ್ಲಿ ಧರಿಸಿದ ಒಂಬತ್ತು ತಿಂಗಳ ಸ್ಮರಣೆಗಾಗಿ ಎಂದು ಕೆಲವರು ಅವನಿಗೆ ಹೇಳಿದರಂತೆ! ನಾಯಕರು ಕಂದಾಯ ಕಟ್ಟಲು ಬರುವ ಕಾಲವಾದುದರಿಂದಲೇ ಈ ಹಬ್ಬ ಎಂದು ಮತ್ತೆ ಕೆಲವರು ಹೇಳಿದರಂತೆ. ಮೊದಲನೆಯ ಉತ್ತರಕ್ಕೆ ನಾವು ನಗಬಹುದು. ಎರಡನೆಯದು ರಾಜಧಾನಿಯ ಜನರೇ ಆಡಿಕೊಳ್ಳುತ್ತಿದ್ದ ಮಾತಾದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಮಳೆಗಾಲ ಕಳೆದು, ದಾರಿಗಳು ಒಣಗಿ, ದಂಡು ಹೊರಡುವುದಕ್ಕೆ ಅನುಕೂಲವಾದ ಋತು ಅದು. ಆಯುಧ, ಆನೆ, ಕುದುರೆಗಳಿಗೆ ಪೂಜೆ ಮಾಡುವುದೂ, ಅವು ಎಷ್ಟಿವೆಯೆಂದು ಎಣಿಸುವುದೂ ಒಂದೇ ಕಾಲದಲ್ಲಿ ನಡೆಯುತ್ತಿತ್ತು.

ಈ ವೈಭವದ ಭಾರ ಕೊನೆಗೆ ಯಾರ ಮೇಲೆ ಬೀಳುತ್ತಿತ್ತು? ಒಕ್ಕಲಿಗನು ತನ್ನ ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಕೊಡುತ್ತಿದ್ದನೆಂದೂ, ನಾಯಕರ ದಬ್ಬಾಳಿಕೆಯಿಂದ ಸಾಮಾನ್ಯ ಜನರು ಬಹಳ ಕಷ್ಟಪಡುತ್ತಿದ್ದರೆಂದೂ ನೂನಿಜ್ ಬರೆದಿದ್ದಾನೆ. ಹತ್ತರಲ್ಲಿ ಒಂಬತ್ತೆಂಬುದು ಉತ್ಪ್ರೇಕ್ಷೆಯೇ ಇರಬೇಕು. ಹಾಗಿದ್ದಿದ್ದರೆ ಉಳಲು ಯಾರೂ ಉಳಿಯುತ್ತಿರಲಿಲ್ಲ. ಆದರೆ ಪರಿಚಾರಕಿಯರು ಆತು ಹಿಡಿದ ಆ ಚಿನ್ನದ ಭಾರ ಹೊಲದಿಂದಲೇ ಬಂದದ್ದೆಂಬುದರಲ್ಲಿ ಉತ್ಪ್ರೇಕ್ಷೆಯಿಲ್ಲ. ವಿಜಯನಗರವನ್ನು ಕುರಿತು ಮಾತನಾಡುವಾಗ ನಾವು ಪೇಸನನ್ನು ಧಾರಾಳವಾಗಿ ಉದಾಹರಿಸುತ್ತೇವೆ. ನೂನಿಜನ ಈ ಪುಟವನ್ನು ಮಾತ್ರ ಮಗುಚಿಬಿಡುತ್ತೇವೆ.

ಹಬ್ಬವನ್ನು ಹೊತ್ತು ನಿಲ್ಲಿಸಿದ ಕೈಗಳ ಗುರುತು ಒಂದು ಕಡೆ ಆಕಸ್ಮಿಕವಾಗಿ ಉಳಿದುಕೊಂಡಿದೆ. ಮಹಾನವಮಿ ದಿಬ್ಬಕ್ಕೆ ಸಮೀಪದಲ್ಲಿಯೇ 1980ರ ದಶಕದಲ್ಲಿ ನೆಲವನ್ನು ಅಗೆದಾಗ ಕರಿಯ ಕಲ್ಲಿನ ಮೆಟ್ಟಿಲುಗಳ ಸುಂದರವಾದ ಪುಷ್ಕರಣಿಯೊಂದು ಹೊರಬಿದ್ದಿತು. ಅದರ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿಗೆ, ಎಷ್ಟನೆಯ ಸಾಲಿಗೆ, ಯಾವ ಜಾಗಕ್ಕೆ ಸೇರಬೇಕೆಂದು ಕಲ್ಲುಕುಟಿಗರು ಕನ್ನಡ ಅಕ್ಷರಗಳಲ್ಲಿ ಗುರುತು ಹಾಕಿಕೊಂಡಿದ್ದಾರೆ. ಪ್ರಶಸ್ತಿಯಲ್ಲ, ಬಿರುದಾವಳಿಯಲ್ಲ, ಕೆಲಸದ ಲೆಕ್ಕ. ಪಾರಸಿ, ಲ್ಯಾಟಿನ್, ಪೋರ್ಚುಗೀಸ್ ಬರೆಹಗಳನ್ನೆಲ್ಲ ಓದಿ ಬಂದವನಿಗೆ ಆ ಅಕ್ಷರಗಳನ್ನು ನೋಡಿದಾಗ ಆಗುವ ಸಂತೋಷವೇ ಬೇರೆ. ಅರಮನೆಯ ಅಂಗಳದಲ್ಲಿ ಬರೆಯಬಲ್ಲ ಕನ್ನಡಿಗನು ಇದ್ದೇ ಇದ್ದನು. ಅವನ ಕೈಯಲ್ಲಿದ್ದುದು ಕಂಠವಲ್ಲ, ಉಳಿ.

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಕಾಳಗ ನಡೆಯಿತು. ಅಳಿಯ ರಾಮರಾಯನು ಮಡಿದನು. ಅವನ ತಮ್ಮನಾದ ತಿರುಮಲನು ಹೆಸರಿನ ಅರಸನಾದ ಸದಾಶಿವರಾಯನನ್ನೂ ಭಂಡಾರವನ್ನೂ ಕೂಡಿಕೊಂಡು ಪೆನುಗೊಂಡೆಗೆ ಹೋದನು. ರಾಜಧಾನಿ ತಿಂಗಳುಗಟ್ಟಲೆ ಸೂರೆಯಾಯಿತು. ರಜಾಕನು ಕಂಡ ಚಿತ್ರದ ಮಂಟಪಗಳೂ, ಪೇಸನು ಕಂಡ ವಿಜಯದ ಮನೆಯೂ ಮರದ ಕೆಲಸಗಳು. ಬೆಂಕಿಗೆ ಅವುಗಳಿಗಿಂತ ಒಳ್ಳೆಯ ಆಹಾರವಿಲ್ಲ. 1567ರಲ್ಲಿ ವೆನಿಸಿನ ಸೀಸರ್ ಫ್ರೆಡರಿಕ್ ಎಂಬ ವರ್ತಕನು ಇಲ್ಲಿಗೆ ಬಂದನು. ಒಂದು ತಿಂಗಳಲ್ಲಿ ಕೆಲಸ ಮುಗಿದರೂ ದಾರಿಗಳ್ಳರ ಭಯದಿಂದ ಏಳು ತಿಂಗಳು ನಿಲ್ಲಬೇಕಾಗಿ ಬಂದಿತಂತೆ. ಮನೆಗಳು ಇನ್ನೂ ನಿಂತಿವೆ, ಆದರೆ ಒಳಗೆ ವಾಸಮಾಡುವವರು ಹುಲಿ ಮುಂತಾದ ಕಾಡುಮೃಗಗಳು ಎಂದು ಅವನು ಬರೆದನು. ಊರನ್ನು ಮತ್ತೆ ತುಂಬಬೇಕೆಂದು ತಿರುಮಲನು ಮಾಡಿದ ಪ್ರಯತ್ನ ಕೈಗೂಡಲಿಲ್ಲ.

ಊರನ್ನು ತುಂಬಲಾಗಲಿಲ್ಲ, ಹಬ್ಬವನ್ನು ಮಾತ್ರ ಹೊತ್ತುಕೊಂಡು ಹೋಗಬಹುದಾಗಿತ್ತು. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ಪಡೆದು, ಅದೇ ವರ್ಷ ಅಲ್ಲಿ ನವರಾತ್ರಿಯನ್ನು ಮಹೋತ್ಸವವಾಗಿ ನಡೆಸಿದರು. ಆಗ ಹಬ್ಬದ ಹಿಂದಿನ ದಿನವೇ ಅವರ ಮಗ ನರಸರಾಜರು ತೀರಿಕೊಂಡರೆಂದೂ, ರಾಜಮನೆತನದ ಸೂತಕದಿಂದ ಈ ಹಬ್ಬ ನಿಲ್ಲಬಾರದೆಂದು ವಿದ್ವಾಂಸರನ್ನು ಕೇಳಿ ಕಟ್ಟಳೆ ಮಾಡಿದರೆಂದೂ ಅರಮನೆಯ ವೃತ್ತಾಂತಗಳು ಹೇಳುತ್ತವೆ. ಹೆತ್ತ ಮಗನಿಗಾಗಿ ಕೂಡ ನಿಲ್ಲಿಸಲಾಗದ ಹಬ್ಬವೆಂದರೆ ಅದು ಮನೆಯ ಹಬ್ಬವಲ್ಲ. ಒಂದು ವರ್ಷ ನಿಂತರೆ ವಿಜಯನಗರದ ಉತ್ತರಾಧಿಕಾರವೇ ನಿಂತಂತೆ ಎಂಬುದು ಆ ತಂದೆಯ ಎಣಿಕೆಯಾಗಿದ್ದಿರಬೇಕು. 1648ರ ಹೊತ್ತಿಗೆ ಗೋವಿಂದವೈದ್ಯನು ‘ಕಂಠೀರವ ನರಸರಾಜ ವಿಜಯ’ವನ್ನು ಸಾಂಗತ್ಯದಲ್ಲಿ ಬರೆದಾಗ, ಶ್ರೀರಂಗಪಟ್ಟಣದ ನವರಾತ್ರಿಯ ಓಲಗವನ್ನು ಮನದಣಿಯೆ ವರ್ಣಿಸಿದನು. ರಾಜಧಾನಿಯ ಮಹಾನವಮಿಯನ್ನು ವಿಸ್ತಾರವಾಗಿ ನೋಡಿ ಬರೆದ ಕನ್ನಡದ ಕಣ್ಣು ಇಲ್ಲಿ ನಮಗೆ ದೊರೆಯಿತು.

1799ರ ಬಳಿಕ ಹಬ್ಬವು ಮೈಸೂರಿಗೆ ಬಂದಿತು. ಅದರ ಮುಂದಣ ಕಥೆ ಶ್ರೋತೃಗಳಿಗೆ ಗೊತ್ತಿರುವುದೇ, ಆದುದರಿಂದ ವಿವರಿಸುವುದಿಲ್ಲ. ಪೇಸನ ಪುಟವನ್ನು ಕೈಯಲ್ಲಿ ಹಿಡಿದು ನೋಡಿದರೆ ಗುರುತು ಸಿಕ್ಕುವ ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ಪಟ್ಟದ ಆನೆಗೂ ಪಟ್ಟದ ಕುದುರೆಗೂ ಅರಮನೆಯಲ್ಲಿ ಈಗಲೂ ಪೂಜೆಯಾಗುತ್ತದೆ. ವಿಜಯದಶಮಿಯ ಬೆಳಗ್ಗೆ ಜಟ್ಟಿಗಳು ವಜ್ರಮುಷ್ಟಿ ಹಿಡಿದು ಕಾದುತ್ತಾರೆ. ನೆತ್ತರು ಕಂಡೊಡನೆ ಕಾಳಗ ನಿಲ್ಲುವುದಾದ್ದರಿಂದ ಹಲ್ಲು ಕಣ್ಣುಗಳಿಗೆ ಅಪಾಯವಿಲ್ಲ. ಕಂದಾಯ ಕಟ್ಟುವ ನಾಯಕರು ಇಲ್ಲ. 1971ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ರಾಜರ ಪದವಿಗಳೂ ರಾಜಧನವೂ ರದ್ದಾದುವು. ಆ ದಶಕದಿಂದ ಜಂಬೂಸವಾರಿಯ ಚಿನ್ನದ ಅಂಬಾರಿಯಲ್ಲಿ ಅರಸರು ಕೂರುವ ಪದ್ಧತಿ ಹೋಗಿ, ಚಾಮುಂಡೇಶ್ವರಿಯ ಮೂರ್ತಿಯನ್ನು ಇರಿಸಿ ಮೆರೆಸುವ ಪದ್ಧತಿ ಬಂದಿತು. ಇದು ಹೊಸದೆಂದು ಹೇಳುವವರು ಪೇಸನು ವರ್ಣಿಸಿದ ಆ ಸಿಂಹಾಸನದ ಮೇಲೆ ಕುಳಿತಿದ್ದವರು ಯಾರೆಂಬುದನ್ನು ನೆನೆದುಕೊಳ್ಳಬಹುದು.

ಅರಸನ ಹಬ್ಬ ಹೀಗೆ ಅರಸುತನದ ಬೆನ್ನುಹತ್ತಿ ಊರೂರು ಅಲೆಯಿತು. ವಿರೂಪಾಕ್ಷನ ತೇರು ಎಲ್ಲಿಗೂ ಹೋಗಲಿಲ್ಲ. ಹಂಪೆಯ ದೊಡ್ಡ ಗುಡಿಗಳಲ್ಲಿ ವಿಠಲನದೂ, ಕೃಷ್ಣನದೂ, ತಿರುವೆಂಗಳನಾಥನದೂ ಪೂಜೆಯಿಲ್ಲದೆ ನಿಂತಿವೆ. ವಿರೂಪಾಕ್ಷನ ಗುಡಿಯಲ್ಲಿ ಗಂಟೆ ಬಾರಿಸುತ್ತದೆ. ಅದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ವಿಜಯನಗರ ಹುಟ್ಟುವ ಮೊದಲೇ ಪಂಪಾಕ್ಷೇತ್ರವಿತ್ತು. ಅದರ ಭಕ್ತರು ಅರಮನೆಯ ಅಪ್ಪಣೆಯಿಂದ ಬಂದವರಲ್ಲ, ಅರಮನೆ ಹೋದ ಮಾತ್ರಕ್ಕೆ ನಿಲ್ಲುವವರೂ ಅಲ್ಲ. ವಿಠಲನ ಗುಡಿಯ ಹತ್ತಿರ ಹೊಳೆಯ ದಡದಲ್ಲಿ ಪುರಂದರದಾಸರ ಮಂಟಪವುಂಟು. ದಾಸರು ತೀರಿಕೊಂಡದ್ದು 1564ರಲ್ಲಿ, ಊರು ಹಾಳಾಗುವ ಹಿಂದಿನ ವರ್ಷ, ಎಂದು ಸಂಪ್ರದಾಯ. ಅವರ ಆರಾಧನೆಗೆ ಇಂದಿಗೂ ಪುಷ್ಯಮಾಸದಲ್ಲಿ ಜನರು ಅಲ್ಲಿ ಸೇರಿ ಹಾಡುತ್ತಾರೆ.

ತೇರುಬೀದಿಯ ಸಾಲುಮಂಟಪಗಳಲ್ಲಿ ಬಹು ವರ್ಷಗಳಿಂದ ಮನೆ ಅಂಗಡಿಗಳನ್ನು ಹೂಡಿಕೊಂಡಿದ್ದ ಸಂಸಾರಗಳನ್ನು 2011ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಎಬ್ಬಿಸಲಾಯಿತು. ಕಂಬಗಳು ಈಗ ಚೊಕ್ಕಟವಾಗಿ ಕಾಣುತ್ತವೆ. ಪೇಟೆಯಿಲ್ಲದ ತೇರುಬೀದಿಯನ್ನು ಪೇಸನು ಗುರುತಿಸುತ್ತಿದ್ದನೇ ಎಂಬುದು ನನಗೆ ಸಂದೇಹ. ಆದರೆ ಚೈತ್ರ ಶುದ್ಧ ಹುಣ್ಣಿಮೆಯ ದಿನ ಸಂಜೆ ಅಲ್ಲಿಗೆ ಹೋದವರಿಗೆ ಆ ಸಂದೇಹ ಬರಲು ಅವಕಾಶವಿರುವುದಿಲ್ಲ. ಬಳ್ಳಾರಿ, ಹೊಸಪೇಟೆ, ಗಂಗಾವತಿ, ಕೊಪ್ಪಳಗಳ ಕಡೆಯಿಂದ ಗಾಡಿಗಳಲ್ಲಿಯೂ ಬಸ್ಸುಗಳಲ್ಲಿಯೂ ಬಂದ ಜನ ಹೊಳೆಯಲ್ಲಿ ಮಿಂದು ಬೀದಿಯನ್ನು ತುಂಬಿರುತ್ತಾರೆ. ವಿರೂಪಾಕ್ಷನದೊಂದು, ಪಂಪಾಂಬಿಕೆಯದೊಂದು, ಎರಡು ತೇರುಗಳು ಹೊರಡುತ್ತವೆ. ಹಗ್ಗಕ್ಕೆ ಕೈಹಾಕಿದವರ ಮೇಲೆ ಸುತ್ತಲಿನಿಂದ ಬಾಳೆಹಣ್ಣುಗಳು ಬೀಳುತ್ತವೆ.